ಬೆಲ್ಟಿನ ಸದ್ದು, ಮೇಷ್ಟ್ರ ಕಿವಿ

ಇವತ್ತು ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿಂದ 'ಚೀಂಯ್' ಎಂದು ಒಂದು ಸದ್ದು ಬಂತು. ಕಾರು ಇಟ್ಟುಕೊಂಡವರಿಗೆ ಈ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಎಂಜಿನ್ನಿನ ಮುಂಭಾಗದಲ್ಲಿ ಡೈನಮೋವನ್ನೂ ಏಸಿಯನ್ನೂ ತಿರುಗಿಸುವ ರಬ್ಬರಿನ ಬೆಲ್ಟು ಹಳತಾಗಿ ಸಡಿಲವಾದರೆ, ಚಳಿಯ ಬೆಳಿಗ್ಗೆ ತಾನು ಸುತ್ತುವ ರಾಟೆಯ ಮೇಲೆ ಜಾರಿ ಹೀಗೆ ಕಿರುಚುತ್ತದೆ. ಕೇಳಿದವರು ಹಲ್ಲು ಕಚ್ಚಿಕೊಂಡು, ಮತ್ತೆ ಗ್ಯಾರೇಜಿಗೆ ಅಲೆಯಬೇಕಲ್ಲಪ್ಪ ಎಂದು ಗೊಣಗುತ್ತಾರೆ. ನಾನು ಏನು ಮಾಡಿದೆ ಗೊತ್ತೇ? ಎಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಸದ್ದು ಮತ್ತೆ ಬಂತು. ಇನ್ನೊಮ್ಮೆ ಆಫ್ ಮಾಡಿ ಇನ್ನೊಮ್ಮೆ ಸ್ಟಾರ್ಟ್ ಮಾಡಿದೆ. ಹೊನ್ನಾಳಿಯ ನಮ್ಮ ಓಣಿಯಲ್ಲಿ ಹಾಲು ತರಲು ಹೊರಟಿದ್ದ ಪಕ್ಕದ ಮನೆಯವರು, ಬ್ಯಾಟರಿ ಕೈಕೊಟ್ಟಿತೇನೋ ಎಂದು ನಿಂತು ನೋಡಿದರು. ನಾನು ಸ್ಟಿಯರಿಂಗ್ ಹಿಡಿದುಕೊಂಡು ಒಬ್ಬನೇ ನಗುತ್ತಾ ಕುಳಿತಿದ್ದೆ. ಅದನ್ನು ಕಂಡು ಅವರು ಇನ್ನಷ್ಟು ಗಾಬರಿಯಾಗಿ ಹೊರಟುಹೋದರು.

ನಿಮಗೂ ವಿಚಿತ್ರ ಎನಿಸಿರಬಹುದು. ಹೇಳುತ್ತೇನೆ, ಸ್ವಲ್ಪ ತಾಳಿ. ಮೊದಲು ನನ್ನ ಕಿವಿಗಳ ವಿಷಯ ಹೇಳಬೇಕು. ಒಂದು ಕಾಲಕ್ಕೆ ಅವು ನ್ಯಾಮತಿಯಲ್ಲಿ ಹೆಸರುವಾಸಿಯಾಗಿದ್ದವು.

ಅಲ್ಲಿನ ಹೈಸ್ಕೂಲಿನಲ್ಲಿ ನಾನು ಗಣಿತದ ಮೇಷ್ಟ್ರು. ಬೋರ್ಡಿನ ಕಡೆ ಮುಖ ಮಾಡಿ ಬರೆಯುತ್ತಿರುವಾಗ ಹಿಂದಿನ ಬೆಂಚಿನಲ್ಲಿ ಯಾರಾದರೂ ಪಿಸುಗುಟ್ಟಿದರೆ, ತಿರುಗಿಯೂ ನೋಡದೆ, "ಏಯ್ ರುದ್ರೇಶ, ಎದ್ದು ನಿಲ್ಲು" ಎನ್ನುತ್ತಿದ್ದೆ. ಇಡೀ ತರಗತಿ ಉಸಿರು ಬಿಗಿಹಿಡಿಯುತ್ತಿತ್ತು. ಮೇಷ್ಟ್ರಿಗೆ ಬೆನ್ನಿನಲ್ಲೂ ಕಿವಿ ಇದೆ ಎಂಬ ಮಾತು ಒಂದು ಬ್ಯಾಚಿನಿಂದ ಮುಂದಿನ ಬ್ಯಾಚಿಗೆ ಹೋಗುತ್ತಿತ್ತು. ನಿಜ ಹೇಳಿಬಿಡುತ್ತೇನೆ: ಪಿಸುಗುಟ್ಟುವವನು ಯಾವಾಗಲೂ ರುದ್ರೇಶನೇ. ಪ್ರತಿ ಬ್ಯಾಚಿನಲ್ಲೂ ಒಬ್ಬ ರುದ್ರೇಶ ಇರುತ್ತಾನೆ. ಮೊದಲ ವಾರದಲ್ಲೇ ಅವನ ಹೆಸರು ತಿಳಿದುಕೊಂಡರೆ ಸಾಕು, ಆಮೇಲೆ ಕಿವಿಯ ಅಗತ್ಯವಿಲ್ಲ. ಆದರೆ ಇಪ್ಪತ್ತು ವರ್ಷ ಹೊಗಳಿಸಿಕೊಂಡ ಮೇಲೆ ನಾನೂ ಅದನ್ನು ನಂಬಿಬಿಟ್ಟಿದ್ದೆ.

ನನ್ನ ಹೆಂಡತಿ ಗಿರಿಜಾಳ ಕಿವಿಗೆ ಇಂಥ ಯಾವ ಖ್ಯಾತಿಯೂ ಇರಲಿಲ್ಲ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಮಿಷನ್ನಿನ ಬೆಲ್ಟು ಕೂದಲೆಳೆಯಷ್ಟು ಸಡಿಲವಾದರೂ, ಎಲ್ಲೋ ಒಂದು ಹನಿ ಎಣ್ಣೆ ಬೇಕಾದರೂ, ತುಳಿಯುತ್ತಿರುವಾಗಲೇ ಅವಳಿಗೆ ಗೊತ್ತಾಗಿ ಕಾಲು ನಿಲ್ಲುತ್ತದೆ. ಅದನ್ನೊಂದು ವಿದ್ಯೆ ಎಂದು ನಾನು ಎಣಿಸಿಯೇ ಇರಲಿಲ್ಲ. ತ್ರಿಕೋನಮಿತಿ ವಿದ್ಯೆ, ಮಿಷನ್ ತುಳಿಯುವುದು ಮನೆಗೆಲಸ ಎಂಬ ಲೆಕ್ಕ ನನ್ನದು.

ಇದು ನಾಲ್ಕು ವರ್ಷದ ಹಿಂದಿನ ಮಾತು. ಈ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು ಒಂದೂವರೆ ವರ್ಷವಾಗಿತ್ತು. ಗಿರಿಜಾಳ ತವರು ಜಗಳೂರು. ಅಲ್ಲಿಗೆ ಹೊರಟಿದ್ದೆವು. ದಾವಣಗೆರೆ ಇನ್ನೂ ಬಂದಿರಲಿಲ್ಲ. ಅವಳು ತಲೆ ವಾರೆ ಮಾಡಿಕೊಂಡು, "ರೀ, ಕಾರಿನಾಗೆ ಏನೋ ಚೀಂಯ್ ಅಂತೈತಲ್ರೀ?" ಎಂದಳು.

ಕಿವಿಗೊಟ್ಟು ಕೇಳಿದೆ. ಏನೂ ಇರಲಿಲ್ಲ. "ಗಾಳಿ ಅದು" ಎಂದೆ.

"ಗಾಳಿ ಅಲ್ರೀ. ಏಸಿ ಹಾಕಿದ ಕೂಡ್ಲೇ ಜಾಸ್ತಿ ಆಗ್ತೈತೆ."

"ಹಂಗಾದ್ರೆ ಏಸಿ ಗಾಳಿ" ಎಂದೆ.

ಆಮೇಲೆ ಅವಳು ಕಾರು ಹತ್ತಿದಾಗಲೆಲ್ಲ ಇದೇ ಮಾತು. ನಾನು ಪ್ರತಿ ಸಲ ಕಿವಿಗೊಡುವುದು, ಪ್ರತಿ ಸಲ ಏನೂ ಇಲ್ಲದಿರುವುದು. ಕೊನೆಗೆ ಒಂದು ದಿನ ಪಾಠ ಮಾಡುವ ದನಿಯಲ್ಲಿ, "ದಿನವಿಡೀ ಮಿಷನ್ ಸದ್ದು ಕೇಳಿ ಕೇಳಿ ನಿನ್ನ ಕಿವೀಲಿ ಅದೇ ಕೂತುಬಿಟ್ಟಿದೆ. ಅದೆಲ್ಲ ಭ್ರಮೆ" ಎಂದೆ. ಈ ವಿವರಣೆ ನನಗೇ ಬಹಳ ಹಿಡಿಸಿತು. ಜಗಳೂರಿನಲ್ಲಿ ಅವಳ ಅಣ್ಣನ ಮನೆಯಲ್ಲಿ ಊಟಕ್ಕೆ ಕುಳಿತಾಗ ಎಲ್ಲರೆದುರು ಹೇಳಿ ನಗಿಸಿದೆ. ಗಿರಿಜಾನೂ ನಕ್ಕಳು. ಅದಾದ ಮೇಲೆ ಕೆಲವು ವಾರ ಅವಳು ಕಾರಿನ ಮಾತೆತ್ತಲಿಲ್ಲ. ಗೆದ್ದೆ ಅಂದುಕೊಂಡೆ.

ಗೆದ್ದವನು ಸುಮ್ಮನಿರಬೇಕಿತ್ತು. ಆದರೆ ಒಂದು ಸಂಜೆ ಅವಳು ಮತ್ತೆ ಮೆಲ್ಲಗೆ, "ಇವತ್ತು ಜೋರಾಗೈತೆ ರೀ" ಎಂದಾಗ ನಮ್ಮ ಶಾಲೆಯ ಡ್ರಿಲ್ ಮೇಷ್ಟ್ರು ಎಂದೋ ಹೇಳಿದ್ದ ಉಪಾಯ ನೆನಪಾಯಿತು: ಬೆಲ್ಟು ಕಿರುಚಿದರೆ ಒಣ ಸೋಪು ಉಜ್ಜಬೇಕಂತೆ. ಅವಳ ಸಮಾಧಾನಕ್ಕೆ ಆಗಲಿ ಎಂದು ಬಚ್ಚಲಿನಿಂದ ಮೈಸೋಪು ಎತ್ತಿಕೊಂಡು ಹೋಗಿ, ಯಾರೂ ನೋಡದಂತೆ ಬಾನೆಟ್ ತೆಗೆದು ಬೆಲ್ಟಿಗೆ ಉಜ್ಜಿದೆ. ಮರುದಿನ ಗಿರಿಜಾ ಆಶ್ಚರ್ಯದಿಂದ, "ಸದ್ದು ನಿಂತೈತಲ್ರೀ!" ಎಂದಳು. "ಇದ್ದರೆ ತಾನೇ ನಿಲ್ಲೋದು?" ಎಂದು ನಾನು ದೊಡ್ಡದಾಗಿ ನಕ್ಕೆ. ಸೋಪಿನ ಸುದ್ದಿ ಹೇಳಲಿಲ್ಲ. ಎರಡು ದಿನಕ್ಕೆ ಸದ್ದು ವಾಪಸು ಬಂತೆಂದು ಅವಳು ಹೇಳಿದಳು, ಮತ್ತೆ ಉಜ್ಜಿದೆ. ಇಲ್ಲದ ಸದ್ದು ಸೋಪು ಉಜ್ಜಿದರೆ ನಿಲ್ಲುವುದು ಹೇಗೆ ಎಂದು ನೀವು ಕೇಳಬಹುದು. ಗಣಿತದ ಮೇಷ್ಟ್ರಿಗೆ ಇಷ್ಟು ಚಿಕ್ಕ ಲೆಕ್ಕ ಹೊಳೆಯಲಿಲ್ಲ ನೋಡಿ.

ಈಗ ಪರಸಣ್ಣನ ಶೆಡ್ಡಿಗೆ ಬರೋಣ. ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ ತಗಡಿನ ಶೆಡ್ಡು, ಒಳಗೆ ಗೋಡೆಯ ಮೇಲೆ ಬುದ್ಧನ ಕ್ಯಾಲೆಂಡರು, ಅದರ ಕೆಳಗೆ ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನೇತುಬಿಟ್ಟ ಸ್ಪ್ಯಾನರುಗಳು. ಪರಸಣ್ಣ ಸುತ್ತಿನ ನಾಲ್ಕು ತಾಲ್ಲೂಕಿಗೆ ಹೆಸರಾದ ಮೆಕ್ಯಾನಿಕ್ಕು. ಅವನದೊಂದು ಕಟ್ಟಳೆ. ಕಾರು ತಂದವರು ಕಾರಿನ ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು. ಅದಾಗದೆ ಅವನು ಬಾನೆಟ್ ಮುಟ್ಟುವುದಿಲ್ಲ. ಕಾರಣ ಕೇಳಿದರೆ, "ದಾರಿಗುಂಟ ಕಿರುಚಿಕೊಂಡು ಬಂದಿದ್ದು ನನ್ನ ಮುಂದೆ ನಿಂತ ಕೂಡ್ಲೇ ಸುಮ್ಮಗಾಗಿಬಿಡ್ತೈತೆ ರೀ. ನಿಮ್ಮ ಕಿವಿಗೆ ಬಿದ್ದಿದ್ದು ನಿಮ್ಮ ಬಾಯಾಗೆ ಬರ್ಬೇಕು" ಎನ್ನುತ್ತಿದ್ದ.

ಹೀಗಾಗಿ ಆ ಶೆಡ್ಡಿನಲ್ಲಿ ದೊಡ್ಡ ದೊಡ್ಡವರೆಲ್ಲ ಬಾಯಿಬಿಟ್ಟು ಏನೇನೋ ಸದ್ದು ಮಾಡುವುದನ್ನು ನೋಡಬಹುದಿತ್ತು. ಸಂತೇಬೆನ್ನೂರಿನ ಮೆಕ್ಕೆಜೋಳದ ವ್ಯಾಪಾರಿ ತಿಪ್ಪೇಶಪ್ಪ, ಇಸ್ತ್ರಿ ಮಾಡಿದ ಬಿಳಿ ಅಂಗಿಯವರು, ಭುಜ ಕುಣಿಸುತ್ತಾ 'ಟಕಟಕಟಕ' ಎನ್ನುತ್ತಿದ್ದರು. ಸಾಸ್ವೆಹಳ್ಳಿಯ ನರ್ಸಮ್ಮ ಒಬ್ಬರು ತಮ್ಮ ಕಾರು ಬೆಳಿಗ್ಗೆ ಕೆಮ್ಮುವುದನ್ನು ಮಾಡಿ ತೋರಿಸಿದಾಗ, ಪಕ್ಕದಲ್ಲಿದ್ದವರು ಅವರಿಗೇ ನೀರು ತಂದುಕೊಟ್ಟರಂತೆ. ಪರಸಣ್ಣ ಕಣ್ಣು ಮುಚ್ಚಿಕೊಂಡು ಕೇಳಿ, "ಇನ್ನೊಮ್ಮೆ ಉದ್ದಕ್ಕೆ ಎಳೀರಿ. ಬಿಸಿ ಆದ್ಮೇಲೂ ಹಿಂಗೇನಾ?" ಎಂದು ವಿಚಾರಿಸಿ, ಅಲ್ಲೇ ರೋಗ ಹೇಳುತ್ತಿದ್ದ. ಚನ್ನಗಿರಿ ಕಡೆಯವರು ಸುತ್ತಮುತ್ತ ನೋಡಿಕೊಂಡು ಮೆಲ್ಲಗೆ ಸದ್ದು ಮಾಡುತ್ತಾರೆ, ಜಗಳೂರಿನವರು ಮೈಕೈ ಎಲ್ಲ ಕುಣಿಸುತ್ತಾರೆ, ನ್ಯಾಮತಿಯವರು ಪಕ್ಕದ ಮನೆ ಕಾರಿನ ಸದ್ದನ್ನೂ ಸೇರಿಸಿಬಿಡುತ್ತಾರೆ ಎಂಬುದು ಅವನ ಸಿದ್ಧಾಂತ. ನ್ಯಾಮತಿಯ ಅನ್ನ ತಿನ್ನುವ ನಾನು ಇದನ್ನು ಒಪ್ಪುವುದಿಲ್ಲ.

ಒಂದು ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದಾಗ ಗಿರಿಜಾ ಸೀರೆ ಉಟ್ಟು ಸಿದ್ಧಳಾಗಿ ಕುಳಿತಿದ್ದಳು. "ಒಂದ್ಸಲ ಪರಸಣ್ಣಂಗೆ ತೋರಿಸ್ರಿ. ಅವ್ರೂ ಸದ್ದಿಲ್ಲ ಅಂದ್ರೆ ಇನ್ನು ನಾನು ಈ ಮಾತೇ ಎತ್ತಲ್ಲ" ಎಂದಳು. ಜಗಳದ ದನಿಯಲ್ಲ ಅದು. ಸೋತವರ ದನಿ ಎಂದು ಆಗ ನನಗೆ ಹೊಳೆಯಲಿಲ್ಲ. ಒಂದೇ ಸಲಕ್ಕೆ ಎಲ್ಲ ಇತ್ಯರ್ಥವಾಗುತ್ತದೆ ಎಂದು ಉತ್ಸಾಹದಿಂದಲೇ ಹೊರಟೆ.

ಆದರೆ ಬಾಯಲ್ಲಿ ಸದ್ದು ಮಾಡುವುದೆಂದರೇನು? ಆ ದಾರಿಯಲ್ಲಿ ಓಡಾಡುವವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳು. ಅದಕ್ಕೇ ಗೆರೆ ಹಾಕಿದ ಹಾಳೆಯಲ್ಲಿ, 'ನನ್ನ ಪತ್ನಿಯ ಹೇಳಿಕೆಯ ಪ್ರಕಾರ ವಾಹನದಲ್ಲಿ ತೀಕ್ಷ್ಣವಾದ ಧ್ವನಿಯೊಂದು ಆಗಾಗ್ಗೆ ಉಂಟಾಗುತ್ತಿದ್ದು' ಎಂದು ಶುರುಮಾಡಿ ಅರ್ಧ ಪುಟ ಬರೆದುಕೊಂಡು ಹೋಗಿದ್ದೆ. ಪರಸಣ್ಣ ಕೈ ಒರೆಸಿಕೊಂಡು ಅದನ್ನು ಪೂರ್ತಿ ಓದಿ, ಹಿಂದೆ ತಿರುಗಿಸಿಯೂ ನೋಡಿ, ವಾಪಸು ಕೊಟ್ಟ.

"ಅಕ್ಷರ ಮುತ್ತಿನಂಗವೆ ಮೇಷ್ಟ್ರೇ. ಆದ್ರೆ ಇದ್ರಾಗೆ ಸದ್ದೇ ಇಲ್ಲ."

ತಿಪ್ಪೇಶಪ್ಪನವರು ಆವತ್ತೂ ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದರು. "ಮಾಡ್ರಿ ಮೇಷ್ಟ್ರೇ, ನಾಚ್ಕಂತೀರೇನು, ನಾವೆಲ್ಲ ಮಾಡಿಲ್ವಾ?" ಎಂದು ಹುರಿದುಂಬಿಸಿದರು. ಬೇರೆ ದಾರಿ ಕಾಣದೆ ಗಂಟಲು ಸರಿಮಾಡಿಕೊಂಡು, ನನಗೆ ಕಾರಿನಲ್ಲಿ ಏನು ಕೇಳಿಸುತ್ತಿತ್ತೋ ಅದನ್ನೇ ಪ್ರಾಮಾಣಿಕವಾಗಿ ಮಾಡಿದೆ: "ಗೊರ್ರ್ರ್..."

"ಅದು ಎಂಜಿನ್ ಓಡೋ ಸದ್ದು ಮೇಷ್ಟ್ರೇ" ಎಂದ ಪರಸಣ್ಣ. "ಅದು ನಿಂತಾಗ ಬರ್ರಿ, ನೋಡಾನ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಆಗ ನನ್ನ ಹಿಂದೆ ನಿಂತಿದ್ದ ಗಿರಿಜಾ ತಾನೇ ಮುಂದೆ ಬಂದು, ಸೆರಗು ಸರಿಮಾಡಿಕೊಂಡು, ಬಾಯಿ ಸಣ್ಣಗೆ ಮಾಡಿ ಸದ್ದು ಹೊರಡಿಸಿದಳು. ಅವಳ ತುಟಿ ಅಲುಗಿದ್ದು ಕಂಡಿತು, ಮೊದಲ ತುಣುಕು ಕೇಳಿಸಿತು. ಆಮೇಲೆ ಅದು ಮೇಲಕ್ಕೆ ಏರಿದಂತೆ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ. ಪರಸಣ್ಣ ಕಣ್ಣು ತೆರೆದು, "ಅಬ್ಬಬ್ಬ! ಅಕ್ಕಾರೆ, ಬೆಲ್ಟನ್ನೇ ನುಂಗಿ ಬಂದಂಗೈತಲ್ರೀ" ಎಂದು ಬಾನೆಟ್ ಎತ್ತಿದ. ಎತ್ತಿದವನು ಮೂಗು ಅರಳಿಸಿದ.

"ಏನ್ರೀ ಮೇಷ್ಟ್ರೇ, ಎಂಜಿನ್ನಿಗೆ ಸ್ನಾನ ಮಾಡಿಸೀರೇನು? ಗಂಧದ ಸೋಪಿನ ವಾಸ್ನೆ ಬರ್ತೈತೆ. ಸೋಪು ಹಚ್ಚಿದ್ರೆ ಎರಡು ದಿನ ಬಾಯಿ ಮುಚ್ತೈತೆ, ಆಮೇಲೆ ಬೆಲ್ಟು ಇನ್ನೂ ಹಾಳಾಗ್ತೈತೆ. ಯಾರು ಹೇಳಿದ್ರು ನಿಮ್ಗೆ?"

ಗಿರಿಜಾ ನನ್ನ ಮುಖ ನೋಡಿದಳು. ನಾನು ಬುದ್ಧನ ಕ್ಯಾಲೆಂಡರು ನೋಡಿದೆ.

ಪರಸಣ್ಣ ಎಂಜಿನ್ ಸ್ಟಾರ್ಟ್ ಮಾಡಿಸಿದ. ತಿರುಗುತ್ತಿದ್ದ ಬೆಲ್ಟಿನ ಮೇಲೆ ಬಾಟಲಿಯಿಂದ ಸ್ವಲ್ಪ ನೀರು ಚಿಮುಕಿಸಿದ. ನೀರು ಬಿದ್ದಾಗ ಸದ್ದು ಏರಿದರೆ ಬೆಲ್ಟು ಸಡಿಲ ಎಂದು ಲೆಕ್ಕವಂತೆ. ತಿಪ್ಪೇಶಪ್ಪನವರು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಕಾರಿನ ನೆರಳಿನಲ್ಲಿ ಮಲಗಿದ್ದ ನಾಯಿ ಎದ್ದು ರಸ್ತೆಯ ಆಚೆಗೆ ಹೋಯಿತು. ನಾನು ಕೈಕಟ್ಟಿ ನಿಂತು, "ನೋಡಿದ್ರಾ? ಏನೂ ಇಲ್ಲ!" ಎಂದೆ.

ಯಾರೂ ನಗಲಿಲ್ಲ. ಮೊದಲು ನನ್ನ ಗಮನಕ್ಕೆ ಬಂದದ್ದು ಅದೇ. ಒಂದು ನಿಮಿಷದ ಹಿಂದೆ ನನ್ನ ಗೊರ್ರಿಗೆ ಹೊಟ್ಟೆ ಹಿಡಿದು ನಕ್ಕವರು ಈಗ ನೆಲ ನೋಡುತ್ತಿದ್ದರು. ಪರಸಣ್ಣ ಎಂಜಿನ್ ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ತಿಪ್ಪೇಶಪ್ಪನವರಿಗೂ ಉಳಿದವರಿಗೂ, "ಹೋಗಿ ಟೀ ಕುಡ್ಕಂಡು ಬರ್ರಿ, ನಂಗೂ ಒಂದು ಹೇಳ್ರಿ" ಎಂದು ಹೊರಗೆ ಕಳಿಸಿದ.

"ಮೇಷ್ಟ್ರೇ, ಗೋಡೆ ಕಡೆ ತಿರುಗಿ ನಿಂತ್ಕಳ್ರಿ" ಎಂದ. "ಸದ್ದು ಬಂದಾಗ ಕೈ ಎತ್ರಿ."

ಎಷ್ಟು ಹುಡುಗರನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿದ್ದೆನೋ ನಾನು! ತಿರುಗಿ ನಿಂತೆ. ಎದುರಿಗೆ ಕಣ್ಣು ಮುಚ್ಚಿದ ಬುದ್ಧ. ಎಂಜಿನ್ನಿನ ಗುರುಗುಟ್ಟುವಿಕೆ ಕಾಲಿನಿಂದ ಮೇಲೆ ಬರುತ್ತಿತ್ತು. ಸದ್ದು ಬಂದ ಕೂಡಲೇ ಕೈ ಎತ್ತಬೇಕೆಂದು ಪರೀಕ್ಷೆ ಬರೆಯುವವನ ಹಾಗೆ ಕಾಯುತ್ತಾ ನಿಂತೆ. ಬಹಳ ಹೊತ್ತಾಯಿತು ಎನಿಸಿತು. ಇವನು ಯಾವಾಗ ಶುರುಮಾಡುತ್ತಾನೆ ಎಂದುಕೊಳ್ಳುತ್ತಿರುವಾಗ ಗಿರಿಜಾ ನನ್ನ ತೋಳು ಮುಟ್ಟಿದಳು.

"ನಾಕು ಸಲ ಕಿರುಚ್ತು ಮೇಷ್ಟ್ರೇ" ಎಂದ ಪರಸಣ್ಣ, ಎಂಜಿನ್ ಆರಿಸಿ. ಆಮೇಲೆ ಸಮಾಧಾನವಾಗಿ, "ನಮ್ಮ ಅಪ್ಪಂಗೂ ಹಿಂಗೇ ಆಗಿತ್ತು. ಸಣ್ಣ ಸದ್ದು ಮೊದ್ಲು ಹೋಗ್ತಾವೆ. ಬೆಲ್ಟು ನಾನು ಹಾಕ್ತೀನಿ. ಕಿವಿ ನಮ್ಮ ಶೆಡ್ಡಿನಾಗೆ ಮಾಡಲ್ಲ. ದಾವಣಗೆರೆಗೆ ಹೋಗಿ ತೋರಿಸ್ರಿ" ಎಂದ.

ನಾಚಿಕೆಯಾಗಬೇಕಿತ್ತು. ನನಗೆ ಆದದ್ದು ಹೆದರಿಕೆ. ಶಾಲೆಯ ಹಿಂದಿನ ಪರೀಕ್ಷೆಯಲ್ಲಿ ಕೋಣೆಯ ಮಕ್ಕಳೆಲ್ಲ ಒಮ್ಮೆಗೇ ಕಿಸಕ್ಕೆಂದದ್ದು, ಏನೆಂದು ಗದರಿದಾಗ, "ಸಾರ್, ನಿಮ್ಮ ವಾಚಿನ ಅಲಾರಂ ಆಗ್ಲಿಂದ ಬಡ್ಕಂತೈತೆ" ಎಂದದ್ದು ನೆನಪಾಯಿತು. ನನ್ನ ಬೆನ್ನ ಹಿಂದೆ ಇನ್ನೂ ಏನೇನು ಸದ್ದಾಗಿ ಹೋಗಿತ್ತೋ! ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಟೀ ಕುಡಿದವರು ವಾಪಸು ಬಂದಾಗ ಪರಸಣ್ಣ ಗಟ್ಟಿಯಾಗಿ, "ಬೆಲ್ಟು ಹೋಗೈತೆ. ಅಕ್ಕಾರು ಹೇಳಿದ್ದೇ ಸರಿ" ಎಂದಷ್ಟೇ ಹೇಳಿದ. ನನ್ನ ಕಿವಿಯ ಸುದ್ದಿ ಅವನ ಬಾಯಿಂದ ಈವರೆಗೆ ಹೊರಬಿದ್ದಿಲ್ಲ. ಹೊಸ ಬೆಲ್ಟು ಹಾಕಿ, ಎಂಜಿನ್ ಚಾಲೂ ಮಾಡಿ, ಗಿರಿಜಾಳನ್ನು ಕರೆದು, "ಕೇಳ್ರಿ ಅಕ್ಕಾರೆ, ಐತಾ?" ಎಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ನನಗೆ ಹಳೆಯದೂ ಹೊಸದೂ ಒಂದೇ ಆಗಿತ್ತು.

ವಾಪಸು ಬರುವಾಗ ಗಿರಿಜಾ ನನ್ನನ್ನು ಚೆನ್ನಾಗಿ ಆಡಿಕೊಳ್ಳುತ್ತಾಳೆ ಎಂದು ಸಿದ್ಧನಾಗಿದ್ದೆ. ಎಂಟು ತಿಂಗಳ ಬಾಕಿ ಅದು. ಅವಳು ಕಿಟಕಿಯ ಹೊರಗೆ ನೋಡುತ್ತಾ ಕುಳಿತಿದ್ದಳು. ಊರು ಹತ್ತಿರ ಬಂದಾಗ ಮಾತಾಡಿದಳು, ಸ್ವಲ್ಪ ಜೋರಾಗಿಯೇ.

"ರೀ, ಹೋದ ತಿಂಗ್ಳು ಅತ್ತಿಗೆ ಜೊತೆ ದಾವಣಗೆರೆಗೆ ಬಟ್ಟೆ ತರಾಕೆ ಅಂತ ಹೋಗಿದ್ನಲ್ಲ. ಕಿವಿ ಡಾಕ್ಟ್ರ ಹತ್ರ ಹೋಗಿದ್ದೆ."

"ಯಾಕೆ?"

"ತೋರಿಸ್ಕೊಳಾಕೆ. ನೀವು ಸದ್ದೇ ಇಲ್ಲ ಅಂತಿದ್ರಿ. ನಂಗೆ ಎರಡು ದಿನ ಕೇಳ್ತಿತ್ತು, ಎರಡು ದಿನ ಇರ್ತಿರ್ಲಿಲ್ಲ. ನಂದೇ ಏನೋ ತಲೆ ಕೆಟ್ಟೈತೆ ಅಂತ ಹೆದ್ರಿಕೆ ಆತು. ಮಿಷನ್ ತುಳಿಯಾಕೂ ಧೈರ್ಯ ಬರ್ತಿರ್ಲಿಲ್ಲ."

"ಡಾಕ್ಟ್ರು ಏನಂದ್ರು?"

"ಕಿವಿ ಚೆನ್ನಾಗೈತೆ ಅಂದ್ರು."

"ಮತ್ತೆ ಮನೆಗೆ ಬಂದು ನನಗೆ ಯಾಕೆ ಹೇಳಲಿಲ್ಲ?"

ಅವಳು ನನ್ನ ಕಡೆ ತಿರುಗಿದಳು. "ಡಾಕ್ಟ್ರು ಕಾರಿನಾಗೆ ಕೂತಿರ್ಲಿಲ್ವಲ್ರೀ. ನೀವು ಕೂತಿದ್ರಿ."

ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ತಪ್ಪಾಯಿತು ಎಂದೆ. ಮದುವೆಯಾದಾಗಿನಿಂದ ಆ ಮಾತನ್ನು ನಾನು ಸುತ್ತಿಬಳಸದೆ ಹೇಳಿದ್ದು ಅದೇ ಮೊದಲು. ಬಚ್ಚಲಿನಿಂದ ಸೋಪು ಕದ್ದು, ಕಟ್ಟಿಕೊಂಡವಳು ತನ್ನ ಕಿವಿಯನ್ನೇ ನಂಬದ ಹಾಗೆ ಮಾಡಿದ್ದೆ. ಗಿರಿಜಾ, "ಅದಕ್ಕೇ ಸೋಪು ಹಂಗೆ ಸವೀತಿತ್ತೇನು? ನೀವು ಈಚೆಗೆ ಚೊಕ್ಕ ಆಗೀರಿ ಅಂದ್ಕಂಡು ಖುಷಿಪಟ್ಟಿದ್ದೆ" ಎಂದಳು. ಇಬ್ಬರೂ ನಕ್ಕೆವು.

ದಾವಣಗೆರೆಯ ಡಾಕ್ಟರು ಕಿವಿಗೆ ಮಿಷನ್ ಇಡಬೇಕೆಂದರು. ಅದನ್ನು ಡ್ರಾಯರಿನಿಂದ ಕಿವಿಗೆ ತರಲು ನನ್ನ ಜಂಭ ಇನ್ನೂ ನಾಲ್ಕೈದು ತಿಂಗಳು ತೆಗೆದುಕೊಂಡಿತು. ಮೊದಲ ದಿನ ಹಾಕಿಕೊಂಡಾಗ ಮನೆಯಲ್ಲಿ ಇಷ್ಟು ಸದ್ದಿದೆಯೇ ಎಂದು ಬೆರಗಾದೆ. ಪೇಪರು ಮಡಿಸಿದರೂ ಸದ್ದು, ಚಮಚ ಇಟ್ಟರೂ ಸದ್ದು. ಶಾಲೆಯಲ್ಲಿ ಬೋರ್ಡಿಗೆ ತಿರುಗಿದ ಕೂಡಲೇ ಹಿಂದೆ ಯಾರೋ ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು. ಹಳೆಯ ಗತ್ತಿನಲ್ಲಿ ಆ ವರ್ಷದ ರುದ್ರೇಶನ ಹೆಸರು ಕೂಗಿ ತಿರುಗಿದರೆ, ಅವನು ಪಾಪ ಲೆಕ್ಕ ಮಾಡುತ್ತಿದ್ದ. ಪಿಸುಗುಟ್ಟಿದ್ದು ಮುಂದಿನ ಬೆಂಚಿನ ಹುಡುಗಿ, "ಸಾರ್ ಕಿವಿಯಾಗೆ ಏನೋ ಐತೆ ಕಣೇ" ಎಂದು. ಅವತ್ತು ಮಿಷನ್ನನ್ನು ಕೈಗೆ ತೆಗೆದು ಇಡೀ ತರಗತಿಗೆ ತೋರಿಸಿದೆ. ಆ ವರ್ಷದ ರುದ್ರೇಶನ ಕ್ಷಮೆಯನ್ನೂ ಕೇಳಿದೆ.

ಹೀಗೆ, ಪರಸಣ್ಣ ಹಾಕಿದ ಆ ಬೆಲ್ಟಿಗೂ ವಯಸ್ಸಾಗಿ ಇವತ್ತು ಬೆಳಿಗ್ಗೆ ಕಿರುಚಿತು. ಮಿಷನ್ ಹಾಕಿಕೊಂಡಿದ್ದ ನನ್ನ ಕಿವಿಗೆ ಅದು ನೆಟ್ಟಗೆ ಬಂದು ಬಿತ್ತು. ಇಡೀ ಶೆಡ್ಡು ಕೇಳಿ ನಾನೊಬ್ಬ ಕೇಳದೆ ಹೋದ ಸದ್ದು ಅದು. ಅದಕ್ಕೇ ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ಕೇಳಿದ್ದು.

ಐದಾರನೆಯ ಸಲಕ್ಕೆ ಗಿರಿಜಾ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಹೊರಗೆ ಬಂದಳು. "ರೀ, ಬೆಲ್ಟು ಮತ್ತೆ ಸದ್ದು ಮಾಡ್ತೈತಲ್ವಾ?"

ನನಗೆ ತುಂಟತನ. ಮುಖ ಗಂಭೀರ ಮಾಡಿಕೊಂಡು, "ಸದ್ದಾ? ಯಾವ ಸದ್ದು? ನಂಗೇನೂ ಕೇಳಿಸ್ತಿಲ್ಲವಲ್ಲ" ಎಂದೆ. ಬಂದು ನನ್ನ ಕಿವಿ ಹಿಡಿದು, ಮಿಷನ್ನಿಗೆ ಹೊಸ ಸೆಲ್ಲು ಹಾಕಿಲ್ಲವೇ ಎಂದು ಬೈಯುತ್ತಾಳೆ, ಆಗ ನಗೋಣ ಎಂದುಕೊಂಡಿದ್ದೆ.

ಅವಳ ಕೈ ಮೇಲಕ್ಕೆ ಬಂತು. ನನ್ನ ಕಿವಿಯ ಕಡೆಗಲ್ಲ. ಬೆರಳು ತನ್ನ ಕಿವಿಗೆ ಹೋಗಿ, ನೀರು ಹೊಕ್ಕಿದೆಯೇನೋ ಎಂಬಂತೆ ಒತ್ತಿ ನೋಡಿಕೊಂಡಿತು. ನಾಲ್ಕು ವರ್ಷವಾದರೂ.

ಎಂಜಿನ್ ಆರಿಸಿ ಕೆಳಗಿಳಿದು, ಓಣಿಯ ನಡುವೆ ನಿಂತು, ಮೂಗು ಬಾಯಿ ಎಲ್ಲ ಸೇರಿಸಿ, ಗಂಟಲು ಹರಿಯುವ ಹಾಗೆ "ಚೀಂಯ್...ಯ್...ಯ್..." ಎಂದು ಕಿರುಚಿದೆ. ಹಾಲು ತೆಗೆದುಕೊಂಡು ವಾಪಸು ಬರುತ್ತಿದ್ದ ಪಕ್ಕದ ಮನೆಯವರು ಅಲ್ಲೇ ನಿಂತುಬಿಟ್ಟರು.

ಗಿರಿಜಾಳ ಬೆರಳು ಕಿವಿಯಿಂದ ಕೆಳಗಿಳಿಯಿತು. ತಲೆ ವಾರೆ ಮಾಡಿ ಪೂರ್ತಿ ಕೇಳಿದಳು.

"ಇನ್ನೂ ಒಂಚೂರು ಸಣ್ಣಗೆ ಎಳೀಬೇಕ್ರೀ" ಎಂದಳು.

ನಾನು ಇನ್ನೊಮ್ಮೆ ಮಾಡಿದೆ.